30 ಆಂಪ್ ಟ್ರಾವೆಲ್ ಟ್ರೈಲರ್‌ನಲ್ಲಿ ಎಸಿ ಹಾಕಿಕೊಂಡೇ ಅಡುಗೆ ಮಾಡಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ: ಅಮೆರಿಕದಲ್ಲಿ ಕೊಳ್ಳಲಿರುವ, ವಾಹನದ ಹಿಂದೆ ಎಳೆದೊಯ್ಯುವ ಮನೆಯಂಥ 30 ಆಂಪ್ ಟ್ರೈಲರ್‌ನಲ್ಲಿ ಎಸಿ, ಇಂಡಕ್ಷನ್, ಇನ್‌ಸ್ಟಂಟ್ ಪಾಟ್ (ಕರೆಂಟಿನ ಪ್ರೆಷರ್ ಕುಕ್ಕರ್) ಒಟ್ಟಿಗೆ ನಡೆಯುತ್ತವೆಯೇ, ಕ್ಯಾಂಪ್‌ಗ್ರೌಂಡಿನಲ್ಲಿ (ಟ್ರೈಲರ್ ನಿಲ್ಲಿಸಿ ತಂಗುವ ತಾಣದಲ್ಲಿ) 50 ಆಂಪ್ ಸೈಟು ಬುಕ್ ಮಾಡಿ ಅಡಾಪ್ಟರ್ ಹಾಕಿದರೆ ಹೆಚ್ಚು ಕರೆಂಟು ಸಿಗುತ್ತದೆಯೇ, ಮನೆಯ ಗ್ಯಾರೇಜಿನ ಸಾಕೆಟ್ಟಿಗೆ ಹಾಕಬಹುದೇ. ಮೊದಲ ಎರಡಕ್ಕೂ ಇಲ್ಲ. ಮೂರನೆಯದಕ್ಕೆ ಹೌದು, ಆದರೆ ಎಸಿ ಬಿಟ್ಟು.

ಊರಿನ 16 ಆಂಪ್ ಗೀಸರ್ ಪಾಯಿಂಟ್ ನೋಡಿದವರಿಗೆ 30 ಆಂಪ್ ಅಂದರೆ ಧಾರಾಳ ಅನಿಸುತ್ತದೆ. ಮೋಸ ಇರುವುದೇ ಇಲ್ಲಿ. ಅಲ್ಲಿ 230 ವೋಲ್ಟ್, ಇಲ್ಲಿ 120. 230ನ್ನು 16ರಿಂದ ಗುಣಿಸಿದರೆ 3680 ವ್ಯಾಟ್, 120ನ್ನು 30ರಿಂದ ಗುಣಿಸಿದರೆ 3600. ಬೆಂಗಳೂರಿನ ಬಚ್ಚಲುಮನೆಯ ಒಂದು ಗೀಸರ್ ಪಾಯಿಂಟು ಕೊಡುವಷ್ಟರಲ್ಲೇ ನಿಮ್ಮ ಇಡೀ ಟ್ರೈಲರಿನ ಸಂಸಾರ ನಡೆಯಬೇಕು. ಗಂಟೆಗಟ್ಟಲೆ ಓಡುವ ಲೋಡನ್ನಂತೂ ಶೇಕಡ 80ರೊಳಗೆ, ಅಂದರೆ 24 ಆಂಪ್‌ಗೆ ಇಟ್ಟುಕೊಳ್ಳಿ. ಬಿಸಿಲಲ್ಲಿ ಕಾದ ಪೆಡೆಸ್ಟಲ್ ಡಬ್ಬಿಯ (ಸೈಟಿನಲ್ಲಿ ಕರೆಂಟು ಕೊಡುವ ಕಂಬದ) ಬ್ರೇಕರ್ 30 ಮುಟ್ಟುವ ಮೊದಲೇ ಬೀಳುವುದುಂಟು.

ಈಗ ಖರ್ಚಿನ ಲೆಕ್ಕ. 13,500 ಬಿಟಿಯು ಎಸಿ ಓಡುವಾಗ ಸುಮಾರು 13 ಆಂಪ್ ಎಳೆಯುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು. ವಾಟರ್ ಹೀಟರಿನ ಎಲೆಕ್ಟ್ರಿಕ್ ಕಾಯಿಲ್ 12. ಮೈಕ್ರೋವೇವ್ ಮೇಲೆ 1000 ವ್ಯಾಟ್ ಅಂತ ಬರೆದಿದ್ದರೂ ಅದು ಹೊರಗೆ ಕೊಡುವ ಶಾಖ. ಗೋಡೆಯಿಂದ ಎಳೆಯುವುದು 12–13 ಆಂಪ್. ಇನ್‌ಸ್ಟಂಟ್ ಪಾಟ್ 8, ಇಂಡಕ್ಷನ್ ಪೂರ್ತಿ ಉರಿಯಲ್ಲಿ 15, ಗ್ಯಾಸ್-ಕರೆಂಟು ಎರಡರಲ್ಲೂ ನಡೆಯುವ ಫ್ರಿಜ್ 3. ಲೈಟು, ನೀರಿನ ಪಂಪು ಎಲ್ಲ 12 ವೋಲ್ಟ್ ಬ್ಯಾಟರಿಯ ಮೇಲೆ ಓಡುವುದರಿಂದ ನೇರವಾಗಿ ಲೆಕ್ಕಕ್ಕಿಲ್ಲ. ಆದರೆ ಆ ಬ್ಯಾಟರಿಯನ್ನು ತುಂಬಿಸುವ ಕನ್ವರ್ಟರ್ ಸದ್ದಿಲ್ಲದೆ 3–5 ಆಂಪ್ ತಿನ್ನುತ್ತಿರುತ್ತದೆ, ಬ್ಯಾಟರಿ ಖಾಲಿಯಾಗಿದ್ದರೆ ಇನ್ನೂ ಹೆಚ್ಚು. ಇದನ್ನೇ ಎಲ್ಲರೂ ಮರೆಯುವುದು.

ಕೂಡಿ ನೋಡಿ. ಎಸಿ, ಕನ್ವರ್ಟರ್, ಫ್ರಿಜ್ ಸೇರಿದರೇ 20 ಆಯಿತು. ಇನ್‌ಸ್ಟಂಟ್ ಪಾಟ್ ಸೇರಿಸಿದರೆ 28. ಅನ್ನ ಆಗುವವರೆಗೆ ಪರವಾಗಿಲ್ಲ. ಅದರ ಬದಲು ಇಂಡಕ್ಷನ್ ಸೇರಿಸಿದರೆ 35. ತಕ್ಷಣ ಟ್ರಿಪ್ ಆಗದೆ ಕೆಲವು ನಿಮಿಷ ನಡೆದು ಆಮೇಲೆ ಬೀಳಬಹುದು. 'ಇಷ್ಟೊತ್ತು ನಡೀತಲ್ಲ' ಅಂತ ಮತ್ತೆ ಮತ್ತೆ ಎತ್ತಿ ಹಾಕಬೇಡಿ, ಬ್ರೇಕರ್ ನಿಧಾನಕ್ಕೆ ಕಾದು ಬೀಳುವುದೇ ಹಾಗೆ. ನಾನು ಹೇಳುವುದು: ವಾಟರ್ ಹೀಟರ್ ಮತ್ತು ಫ್ರಿಜ್ಜನ್ನು ಗ್ಯಾಸಿಗೆ ತಿರುಗಿಸಿ, ಒಗ್ಗರಣೆ-ದೋಸೆ ಗ್ಯಾಸ್ ಒಲೆಯ ಮೇಲೆ ಮಾಡಿ. ಇಂಡಕ್ಷನ್ನೇ ಬೇಕೆಂದರೆ ಎಸಿಯನ್ನು ಕಾಲು ಗಂಟೆ ಆರಿಸಿ.

ಟ್ರಿಪ್ ಆದದ್ದು ಎಲ್ಲಿ ಎಂದು ನೋಡುವುದೂ ಮುಖ್ಯ. ಟ್ರೈಲರ್ ಒಳಗಿನ 15 ಅಥವಾ 20 ಆಂಪಿನ ಚಿಕ್ಕ ಬ್ರೇಕರ್ ಬಿದ್ದಿದ್ದರೆ ಆ ಒಂದು ಲೈನಿನಲ್ಲಿ ಲೋಡ್ ಹೆಚ್ಚಾಗಿದೆ. ಅಡುಗೆ ಕಟ್ಟೆಯ ಎಲ್ಲ ಸಾಕೆಟ್ಟುಗಳೂ ಹೆಚ್ಚಾಗಿ ಒಂದೇ ಲೈನಿನಲ್ಲಿರುತ್ತವೆ. ಮೇನ್ ಅಥವಾ ಪೆಡೆಸ್ಟಲ್‌ದು ಬಿದ್ದಿದ್ದರೆ ಒಟ್ಟು ಲೋಡು ಜಾಸ್ತಿ.

50 ಆಂಪ್ ಸೈಟಿನದು ನಾಲ್ಕು ಕಡ್ಡಿಯ ಪ್ಲಗ್. ಅದರಲ್ಲಿ 50 ಆಂಪಿನ ಎರಡು ಲೈನುಗಳಿವೆ, ಒಟ್ಟು 12,000 ವ್ಯಾಟ್. 30ರ ಮೂರು ಪಟ್ಟಿಗೂ ಮೇಲೆ. ಆದರೆ ನಿಮ್ಮ ಅಡಾಪ್ಟರ್ ಅದರಲ್ಲಿ ಒಂದು ಲೈನನ್ನಷ್ಟೇ ತರುತ್ತದೆ, ಟ್ರೈಲರಿನ ಮೇನ್ 30ಕ್ಕೇ ತಡೆಯುತ್ತದೆ. ಒಂದೇ ಲಾಭ: ಹಳೆಯ ಕ್ಯಾಂಪ್‌ಗ್ರೌಂಡುಗಳಲ್ಲಿ 30ರ ಸಾಕೆಟ್ಟುಗಳು ಸವೆದು ಸಡಿಲವಾಗಿರುತ್ತವೆ, 50ರವು ಅಷ್ಟು ಸವೆದಿರುವುದಿಲ್ಲ. ಸಡಿಲ ಸಾಕೆಟ್ಟಿನಲ್ಲಿ ಪ್ಲಗ್ಗಿನ ಕಡ್ಡಿ ಕಾದು ಕಪ್ಪಾಗುತ್ತದೆ. ಎಸಿ ಹಾಕಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬ್ರೇಕರ್ ಆರಿಸಿ ಸೈಟು ಬದಲಿಸಿ.

ಸಿಕ್ಕಿಸುವ ಕ್ರಮ: ಪೆಡೆಸ್ಟಲ್ ಬ್ರೇಕರ್ ಆಫ್ ಮಾಡಿ, ಇಎಂಎಸ್ ಡಬ್ಬಿ (ವೋಲ್ಟೇಜು, ವೈರಿಂಗು ಪರೀಕ್ಷಿಸಿ, ತಪ್ಪಿದ್ದರೆ ಕರೆಂಟು ಕಡಿಯುವ ಸಾಧನ) ಹಾಕಿ, ಬ್ರೇಕರ್ ಆನ್ ಮಾಡಿ. ವೋಲ್ಟೇಜು, ವೈರಿಂಗು ಸರಿಯಿದೆ ಎಂದು ಅದು ತೋರಿಸಿದ ಮೇಲೆ ಮತ್ತೆ ಆಫ್ ಮಾಡಿ, ಟ್ರೈಲರ್ ಕೇಬಲ್ ಜೋಡಿಸಿ, ಆನ್ ಮಾಡಿ. ಎಸಿ ಕೊನೆಗೆ. ಬಿಚ್ಚುವಾಗ ಎಸಿ ಮೊದಲು ಆಫ್, ಆಮೇಲೆ ಬ್ರೇಕರ್, ಆಮೇಲೆ ಪ್ಲಗ್. ವೋಲ್ಟೇಜು ದಿಢೀರ್ ಏರಿದಾಗ ಮಾತ್ರ ಕಾಯುವ ಬರೀ ಸರ್ಜ್ ಪ್ರೊಟೆಕ್ಟರ್ ಸಾಲದು. ಬೇಸಿಗೆಯ ಮಧ್ಯಾಹ್ನ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜು ಕುಸಿಯುತ್ತದೆ, ಕಂಪ್ರೆಸರ್ ಸುಡುವುದು ಅದರಿಂದ. ಇಎಂಎಸ್ ಸಾಮಾನ್ಯವಾಗಿ 104 ವೋಲ್ಟಿಗಿಂತ ಕೆಳಗೆ ಇಳಿದರೆ ಲೈನನ್ನೇ ಕಡಿದುಬಿಡುತ್ತದೆ.

ಗ್ಯಾರೇಜಿನ 15 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಬ್ಯಾಟರಿ ತುಂಬಿಸಬಹುದು, ಫ್ರಿಜ್ ತಣ್ಣಗಾಗಿಸಬಹುದು. ಎಕ್ಸ್‌ಟೆನ್ಷನ್ ಬೇಕಾದರೆ 12 ಗೇಜಿನದು. ತೋಟಕ್ಕೆ ಬಳಸುವ ತೆಳ್ಳನೆಯ 16 ಗೇಜಿನ ವೈರು ಬೇಡ, ಸುರುಳಿ ಬಿಚ್ಚದೆ ಅಂತೂ ಬೇಡವೇ ಬೇಡ. ಜಿಎಫ್‌ಸಿಐ (ಕರೆಂಟು ಸೋರಿದರೆ ಲೈನು ಕಡಿಯುವ ಸುರಕ್ಷಾ ಸ್ವಿಚ್ಚು) ಪದೇ ಪದೇ ಬಿದ್ದರೆ ಮೊದಲು ವಾಟರ್ ಹೀಟರಿನ ಕಾಯಿಲ್ ಲೈನು ಆಫ್ ಮಾಡಿ ನೋಡಿ. ಟ್ಯಾಂಕಿನಲ್ಲಿ ನೀರಿಲ್ಲದಾಗ ಆನ್ ಮಾಡಿ ಸುಟ್ಟ ಕಾಯಿಲ್‌ನಿಂದ ಕರೆಂಟು ಸೋರುತ್ತಿರಬಹುದು.

ಮನೆಯಲ್ಲೇ 30 ಆಂಪ್ ಪಾಯಿಂಟ್ ಹಾಕಿಸುವುದಾದರೆ ಎಲೆಕ್ಟ್ರಿಷಿಯನ್ನರಿಗೆ 'ಟಿಟಿ-30, 120 ವೋಲ್ಟ್, ಸಿಂಗಲ್ ಪೋಲ್ ಬ್ರೇಕರ್, 10 ಗೇಜ್ ತಾಮ್ರದ ವೈರು' ಎಂದು ಬರೆದೇ ಕೊಡಿ. ಟಿಟಿ-30 ಎಂದರೆ ಟ್ರೈಲರಿನ 30 ಆಂಪ್ ಪ್ಲಗ್ಗಿಗೆ ಹೊಂದುವ ಸಾಕೆಟ್ಟು. 30 ಆಂಪ್ ಎಂದಷ್ಟೇ ಹೇಳಿದರೆ ಬಟ್ಟೆ ಒಣಗಿಸುವ ಡ್ರೈಯರ್ ಲೈನು ಎಂದುಕೊಂಡು 240 ವೋಲ್ಟ್ ಕೊಟ್ಟುಬಿಡುವವರಿದ್ದಾರೆ. ಹಾಗಾದರೆ ಪ್ಲಗ್ ಹಾಕಿದ ಕ್ಷಣವೇ ಕನ್ವರ್ಟರ್, ಮೈಕ್ರೋವೇವ್ ಎಲ್ಲ ಹೋಯಿತು. ಟ್ರೈಲರ್ ಜೋಡಿಸುವ ಮೊದಲು ಮಲ್ಟಿಮೀಟರ್ ಹಿಡಿದು ಎರಡು ಓರೆ ಸೀಳುಗಳ ನಡುವೆ ಅಳೆಯಿರಿ. 240 ಕಂಡರೆ ಬ್ರೇಕರ್ ಆರಿಸಿ ಅವರನ್ನೇ ವಾಪಸ್ ಕರೆಸಿ.