ಸಿಯಾ ಕೊಲಿಸಿ ರಗ್ಬಿ ನಾಯಕರಾದದ್ದು ಏಕೆ ಅಷ್ಟು ದೊಡ್ಡ ಸುದ್ದಿ?

ದಕ್ಷಿಣ ಆಫ್ರಿಕಾ ಮೊದಲ ರಗ್ಬಿ ಟೆಸ್ಟ್ (ರಾಷ್ಟ್ರೀಯ ತಂಡಗಳ ನಡುವಿನ ಅಧಿಕೃತ ಪಂದ್ಯ) ಆಡಿದ್ದು 1891ರಲ್ಲಿ. 2018ರಲ್ಲಿ ಕೊಲಿಸಿ ಬರುವವರೆಗೆ ಟೆಸ್ಟ್‌ನಲ್ಲಿ ತಂಡವನ್ನು ಮುನ್ನಡೆಸುವ ಅವಕಾಶ ಯಾವ ಕಪ್ಪು ಆಫ್ರಿಕನ್ನನಿಗೂ ಸಿಕ್ಕಿರಲಿಲ್ಲ. ವರ್ಣಭೇದದ ಕಾನೂನುಗಳು ಹೋದ ಮೇಲೂ ದಾರಿ ಸಲೀಸಾಗಲಿಲ್ಲ, ಏಕೆಂದರೆ ಆಟಗಾರರು ಹೆಚ್ಚಾಗಿ ತಯಾರಾಗುತ್ತಿದ್ದುದು ದುಬಾರಿ ಶಾಲೆಗಳಲ್ಲಿ. 1991ರಲ್ಲಿ ಜ್ವಿಡೆ ಎಂಬ ಬಡವರ ಬಡಾವಣೆಯಲ್ಲಿ ಹುಟ್ಟಿ, ಅಜ್ಜಿಯ ಆಸರೆಯಲ್ಲಿ ಬೆಳೆದ ಕೊಲಿಸಿಗೆ 12ನೇ ವಯಸ್ಸಿನಲ್ಲಿ ಅಂಥದೊಂದು ಶಾಲೆಯ ವಿದ್ಯಾರ್ಥಿವೇತನ ದೊರೆಯಿತು. ನನ್ನ ಪ್ರಕಾರ ನಿಜವಾದ ತಿರುವು ಅದೇ. ನಮ್ಮ ಸಿರುಗುಪ್ಪದ ಕಡೆಯ ಹಳ್ಳಿ ಹುಡುಗನೊಬ್ಬ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾದಂತೆ: ತರಬೇತಿಯ ಜೊತೆಗೆ ಹೊಟ್ಟೆ ತುಂಬ ಊಟ. (ಎರಡನೆಯದನ್ನು ಹಗುರವಾಗಿ ಎಣಿಸಬೇಡಿ.)

ಮುಂದೆ 2019 ಮತ್ತು 2023ರ ವಿಶ್ವಕಪ್‌ಗಳನ್ನು ತಂಡ ಅವರ ನಾಯಕತ್ವದಲ್ಲೇ ಗೆದ್ದಿತು. ಎರಡನೆಯ ಫೈನಲ್‌ನಲ್ಲಿ ನ್ಯೂಜಿಲೆಂಡ್ ಸೋತದ್ದು ಒಂದೇ ಅಂಕದಿಂದ, 12-11.