ನ್ಯಾಸ್ ಫೋಲ್ಡರಿಗೆ ‘ರೀಡ್/ರೈಟ್’ ಕೊಟ್ಟರೂ ಫೈಲ್ ಸೇವ್ ಆಗುವುದಿಲ್ಲ, ಏಕೆ?

ನ್ಯಾಸ್ (ನೆಟ್‌ವರ್ಕಿನ ಮೂಲಕ ಹಲವರು ಬಳಸುವ ಫೈಲ್ ಸಂಗ್ರಹ ಸಾಧನ) ಅನುಮತಿಯನ್ನು ಎರಡು ಕಡೆ ನೋಡುತ್ತದೆ: ಶೇರ್ ಮಾಡಿದ ಫೋಲ್ಡರಿಗೆ ಕೊಟ್ಟದ್ದು ಒಂದು, ಒಳಗಿನ ಪ್ರತಿ ಫೈಲಿಗೂ ಇರುವ ಎಸಿಎಲ್ (ಯಾರು ಏನು ಮಾಡಬಹುದೆಂಬ ಪಟ್ಟಿ) ಇನ್ನೊಂದು. ಎರಡೂ ಒಪ್ಪಿದರೆ ಮಾತ್ರ ಕೆಲಸ. ಶೇರ್‌ನಲ್ಲಿ ರೀಡ್/ರೈಟ್ ಇದ್ದು ಎಸಿಎಲ್‌ನಲ್ಲಿ ಬರೀ ರೀಡ್ ಇದ್ದರೆ ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ.

ಮೊದಲು ಸೇವ್ ಮಾಡಲಾಗದ ಬಳಕೆದಾರರು ಯಾವ ಯಾವ ಗ್ರೂಪಿನಲ್ಲಿದ್ದಾರೆ ನೋಡಿ. ಸಾಮಾನ್ಯವಾಗಿ ಒಂದು ಗ್ರೂಪಿಗೆ ‘ನೋ ಆಕ್ಸೆಸ್’ ಇದ್ದರೂ ಸಾಕು, ಅವರ ಹೆಸರಿಗೇ ಕೊಟ್ಟ ರೀಡ್/ರೈಟ್ ನಡೆಯುವುದಿಲ್ಲ. ಅದಕ್ಕೇ ಹೀಗೆ ‘ಡಿನೈ’ (ನಿರಾಕರಣೆ) ಹಾಕುವ ಬದಲು ಅನುಮತಿಯನ್ನೇ ಕೊಡದೆ ಬಿಡುವುದು ವಾಸಿ.

ಕೆಲವೇ ಫೈಲುಗಳು ಕಾಡುತ್ತಿದ್ದರೆ, ಅವು ಬೇರೆ ಫೋಲ್ಡರಿನಿಂದ ‘ಮೂವ್’ ಆಗಿ ಬಂದಿರಬಹುದು. ಒಂದೇ ವಾಲ್ಯೂಮಿನೊಳಗೆ (ಸಂಗ್ರಹದ ಒಂದೇ ವಿಭಾಗದಲ್ಲಿ) ಸರಿಸಿದ ಫೈಲು ಹಳೆಯ ಅನುಮತಿಯನ್ನೇ ಹೊತ್ತು ಬರುವುದುಂಟು. ಕಾಪಿ ಮಾಡಿದ್ದು ಸಾಮಾನ್ಯವಾಗಿ ಹೊಸ ಫೋಲ್ಡರಿನದನ್ನು ಪಡೆಯುತ್ತದೆ. ಮೇಲಿನ ಫೋಲ್ಡರಿನ ಅನುಮತಿಯನ್ನು ಸರಿಮಾಡಿ, ಒಳಗಿನ ಎಲ್ಲದಕ್ಕೂ ಅನ್ವಯಿಸುವ ಆಯ್ಕೆ ಒತ್ತಿ.

ಇಷ್ಟಾದ ಮೇಲೂ ವಿಂಡೋಸ್ ಹಠ ಹಿಡಿದರೆ, ಬಹುಶಃ ಹಳೆಯ ಲಾಗಿನ್ನಿನಲ್ಲೇ ಕೂತಿರುತ್ತದೆ. ವಿಂಡೋಸ್ ಲಾಗಿನ್ ವಿವರಗಳನ್ನು ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಆ ನ್ಯಾಸ್‌ನ ನಮೂದು ಅಳಿಸಿ, ಸೈನ್ ಔಟ್ ಮಾಡಿ ಮತ್ತೆ ಸೇರಿ. ಒಂದೇ ಸರ್ವರ್ ಹೆಸರಿಗೆ ಏಕಕಾಲಕ್ಕೆ ಎರಡು ಖಾತೆಗಳಿಂದ ಸೇರಲು ವಿಂಡೋಸ್ ಬಿಡುವುದಿಲ್ಲ.