ಗ್ರಾಮರ್ ಎಲ್ಲಾ ಬರುತ್ತದೆ, ಪ್ಯಾಸೇಜ್ ಮಾತ್ರ ಆಗಲ್ಲ: ಒಂದು ಆಪ್ತಸಲಹೆ ಪ್ರಕರಣ

"ನನಗ ಇಂಗ್ಲಿಷ್ ಬರಂಗಿಲ್ರಿ" ಅಂತ ಹೇಳಿಕೊಂಡು ಬರುವವರು ಕಲಬುರಗಿಯಲ್ಲಿ ನನಗೆ ಹೊಸಬರಲ್ಲ. ಈ ಹುಡುಗ ಮಾತ್ರ ಹಾಗೆ ಹೇಳಲಿಲ್ಲ. "ಗ್ರಾಮರ್ ಎಲ್ಲಾ ಬರ್ತದ್ರಿ ಮೇಡಂ, ಮಾರ್ಕ್ಸ್ ಬರವಲ್ವು" ಅಂದ. ಮಾತು ಶುರುವಾದಾಗಿನಿಂದ ನೆಲ ನೋಡುತ್ತಲೇ ಕೂತಿದ್ದ.

ಬರೆಯಲು ಅವನ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 27. ಆದರೂ ಹುಡುಗ ಅಂತಲೇ ಕರೆಯುತ್ತೇನೆ, ನಮ್ಮ ಕಡೆ ಮದುವೆ ಆಗುವವರೆಗೆ ಎಲ್ಲರೂ ಹುಡುಗರೇ ಅಲ್ವಾ. ಜೇವರ್ಗಿ ಕಡೆಯವನು ಅಂದುಕೊಳ್ಳಿ. ಓದಿದ್ದು ಕನ್ನಡ ಮಾಧ್ಯಮ, ಆಮೇಲೆ ಬಿ.ಎ., ಈಗ ಸರ್ಕಾರಿ ನೌಕರಿ ಪರೀಕ್ಷೆಗಳ ತಯಾರಿ. ಮನೆಯಲ್ಲಿ ತೊಗರಿ ಬೆಳೆಯುತ್ತಾರೆ. ಕಲಬುರಗಿಯಲ್ಲಿ ರೂಮಿನ ಬಾಡಿಗೆ, ಮೆಸ್ಸು, ಕೋಚಿಂಗ್ ಫೀಸು ಎಲ್ಲಾ ಅಣ್ಣನ ಖರ್ಚು. ನನ್ನ ಹತ್ತಿರ ಕರೆದುಕೊಂಡು ಬಂದದ್ದೂ ಅಣ್ಣನೇ.

"ಇವ ಓದೋದ್ರಾಗ ಕಮ್ಮಿ ಇಲ್ರಿ ಮೇಡಂ. ಆದ್ರ ಉಣ್ಣೋದು ಬಿಟ್ಟಾನ. ರಾತ್ರಿ ಎದ್ದು ಕುಂದರ್ತಾನ. ಫೋನ್ ಮಾಡಿದ್ರ ಎತ್ತಂಗಿಲ್ಲ. ನಮ್ಮವ್ವ ಅಳ್ಲಕತ್ತಾಳ."

ಅಣ್ಣನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಹುಡುಗನಿಗೆ ನೇರವಾಗಿ ಕೇಳಿದೆ: ಜೀವ ಬೇಡ ಅನ್ನಿಸಿದ್ದುಂಟಾ? ಈ ಪ್ರಶ್ನೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಬಹಳ ಮಂದಿ ಹೆದರುತ್ತಾರೆ. ಹಾಗಾಗಲ್ಲ. ಕೇಳಿದರೆ ಎದುರಿಗಿದ್ದವರಿಗೆ ಹಗುರಾಗುವುದೇ ಜಾಸ್ತಿ. "ಸಾಯೋ ವಿಚಾರ ಇಲ್ರಿ. ಊರಿಗೆ ಹೋಗಬಾರ್ದು ಅನಸ್ತದ, ಅಷ್ಟ" ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಊರಿಗೆ ಹೋಗಬಾರದು ಅನ್ನಿಸುವುದಕ್ಕೆ ಕಾರಣ ಇತ್ತು. ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ದೊಡ್ಡ ಆಸರೆ. ಇಲ್ಲಿನ ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ಕಲ್ಯಾಣ ಕರ್ನಾಟಕದವರಿಗೇ ಮೀಸಲು. ಒಳ್ಳೆಯದೇ. ಆದರೆ ಕಟ್ಟೆ ಮೇಲೆ ಕೂತವರ ಬಾಯಲ್ಲಿ ಇದು ಬೇರೆ ಮಾತಾಗುತ್ತದೆ: "ನಮ್ಮ ಮಂದಿಗೇ ಇಟ್ಟ ನೌಕರಿ, ಅದೂ ಇವಗ ಸಿಗಲಿಲ್ಲೇನು?" ಮೀಸಲು ಜಾಗಕ್ಕೂ ಪೈಪೋಟಿ ಇರುತ್ತದೆ, ಅರ್ಹತೆಯ ಅಂಕ ಬೇಕಾಗುತ್ತದೆ ಅಂತ ಅವರಿಗೆ ಯಾರು ಹೇಳಬೇಕು.

ಹುಡುಗ ಎರಡು ಕಡೆ ಕಾಲಿಟ್ಟಿದ್ದ. ಒಂದು ರಾಜ್ಯ ಸರ್ಕಾರದ ನೌಕರಿಗೆ ನಡೆಯುವ ಕೆಪಿಎಸ್‌ಸಿ ಗ್ರೂಪ್ ಸಿ. ಅದರ ಎರಡನೇ ಪತ್ರಿಕೆಯಲ್ಲಿ ಕನ್ನಡಕ್ಕೆ 35, ಇಂಗ್ಲಿಷ್‌ಗೆ 35, ಕಂಪ್ಯೂಟರಿಗೆ 30 ಅಂಕ. ಇನ್ನೊಂದು ಕೇಂದ್ರ ಸರ್ಕಾರದ ನೌಕರಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್. ಅದರ ಎರಡನೇ ಹಂತದ ಮೊದಲ ಪತ್ರಿಕೆಯಲ್ಲಿ ಆಯ್ಕೆಯ ಲೆಕ್ಕಕ್ಕೆ ಬರುವುದು 390 ಅಂಕ, ಅದರಲ್ಲಿ ಇಂಗ್ಲಿಷ್ ಒಂದಕ್ಕೇ 135. 45 ಪ್ರಶ್ನೆ, ಸರಿ ಇದ್ದರೆ 3 ಅಂಕ, ತಪ್ಪಾದರೆ 1 ಅಂಕ ಕಡಿತ. ಗಣಿತಕ್ಕೆ, ರೀಸನಿಂಗ್‌ಗೆ 90, 90 ಇರುವಾಗ ಇಂಗ್ಲಿಷಿನಲ್ಲಿ ಬಿದ್ದವನು ಬೇರೆ ಕಡೆ ಏಳುವುದು ಕಷ್ಟ.

ಮಾಕ್ ಟೆಸ್ಟ್ ಹಾಳೆ ತಾ ಅಂದಿದ್ದೆ. ಮೊದಲು ತಂದದ್ದೆಲ್ಲ ಸಾಮಾನ್ಯ ಜ್ಞಾನದ್ದು, ಚೆನ್ನಾಗೇ ಇದ್ದವು. ಅಣ್ಣನಿಗೆ ತೋರಿಸುತ್ತಿದ್ದದ್ದೂ ಅವನ್ನೇ ಅಂತ ಗೊತ್ತಾಯಿತು. ಮುಂದಿನ ಸಲ ಇಂಗ್ಲಿಷಿನವೂ ಬಂದವು, ಒಂದು ಕ್ಯಾರಿಬ್ಯಾಗಿನಲ್ಲಿ, ಮಡಚಿ ಮುದುಡಿದ ಸ್ಥಿತಿಯಲ್ಲಿ. ಇಬ್ಬರೂ ಕೂತು ವಿಂಗಡಿಸಿದೆವು. ತಪ್ಪು ಹುಡುಕುವ ಪ್ರಶ್ನೆ, ಆಕ್ಟಿವ್ ಪ್ಯಾಸಿವ್, ಡೈರೆಕ್ಟ್ ಇನ್‌ಡೈರೆಕ್ಟ್, ಇವೆಲ್ಲ ಹೆಚ್ಚುಕಡಿಮೆ ಸರಿ. ಪ್ಯಾಸೇಜ್ ಬಂದ ಕಡೆ, ಕ್ಲೋಜ್ ಟೆಸ್ಟ್ (ಪ್ಯಾಸೇಜಿನ ಖಾಲಿ ಜಾಗ ತುಂಬುವುದು) ಬಂದ ಕಡೆ ಬರೀ ಕೆಂಪು. ಹುಡುಗ ಸುಳ್ಳು ಹೇಳಿರಲಿಲ್ಲ. ಗ್ರಾಮರ್ ನಿಜವಾಗಿಯೂ ಬರುತ್ತಿತ್ತು.

ಹಾಗಾದರೆ ಪ್ಯಾಸೇಜಿನಲ್ಲಿ ಆಗುವುದೇನು? ನಾನೇ ಬರೆದ ಒಂದು ಸಣ್ಣ ಪ್ಯಾಸೇಜು ಕೊಟ್ಟೆ. ಒಂದು ಊರಿನ ಕೆರೆಯ ಕಥೆ. ಆ ವರ್ಷ ಮಳೆ ಚೆನ್ನಾಗಿ ಆಯಿತು ಅಂತ ಮೊದಲ ವಾಕ್ಯ. ಕೆರೆಗೆ ನೀರು ಬರುವ ಕಾಲುವೆಗಳ ಮೇಲೆ ಮನೆ ಕಟ್ಟಿದ್ದರು, ನೀರು ಬೇರೆ ಕಡೆ ಹರಿಯಿತು, ಮಾರ್ಚಿಗೆ ಕೆರೆ ಒಣಗಿತು. ಹುಡುಗ ಪೆನ್ಸಿಲ್ ಹಿಡಿದು ಓದಲು ಕೂತ. 'ಹ್ಯಾಡ್ ಬೀನ್ ಬಿಲ್ಟ್' ಅನ್ನುವುದರ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ 'ಪಾಸ್ಟ್ ಪರ್ಫೆಕ್ಟ್, ಪ್ಯಾಸಿವ್' ಅಂತ ಬರೆದ. ಸರಿಯಾಗಿತ್ತು. ಮುಂದಿನ ವಾಕ್ಯದಲ್ಲಿ ಒಂದು 'ದಿ' ನೋಡಿ ನಿಂತ. ಅದೂ ಸರಿ ಇದೆಯಾ ಅಂತ ಯೋಚಿಸಿದ. ಓದಿ ಮುಗಿದ ಮೇಲೆ ಹಾಳೆ ಬೋರಲು ಹಾಕಿ ಕೇಳಿದೆ.

"ಏನಾಯ್ತು ತಮ್ಮಾ ಅಲ್ಲಿ? ಕನ್ನಡದಾಗೇ ಹೇಳು."

"ಕೆರಿ... ಕೆರಿ ಒಣಗ್ತು ರೀ."

"ಯಾಕ?"

"ಮಳಿ ಆಗಿಲ್ಲಲ್ರಿ."

ಪ್ಯಾಸೇಜಿನ ಮೊದಲ ವಾಕ್ಯವೇ ಮಳೆ ಆಯಿತು ಅಂತ ಹೇಳಿತ್ತು. ಅದನ್ನು ಅವನು ತೊಗರಿಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಓದಿದ್ದ. ಕಲ್ಲು ಸಿಗಲಿಲ್ಲ, ಮುಂದೆ ಹೋದ. ಅರ್ಥ ತಲೆಯಲ್ಲಿ ನಿಲ್ಲಲಿಲ್ಲ. ಪ್ರಶ್ನೆ ಬಂದಾಗ ಖಾಲಿ ಜಾಗಕ್ಕೆ ತನ್ನ ಬದುಕಿನ ಉತ್ತರ ಹಾಕಿದ. ನಮ್ಮ ಕಡೆ ಕೆರೆ ಒಣಗಿದರೆ ಮಳೆ ಬಂದಿಲ್ಲ ಅಂತಲೇ ಅರ್ಥ. ರೈತನ ಮಗನಿಗೆ ಬೇರೆ ಕಾರಣ ಹೊಳೆಯುವುದಾದರೂ ಹೇಗೆ? ಪ್ರಶ್ನೆ ತಯಾರಿಸುವವರಿಗೂ ಇದು ಗೊತ್ತು. ಲೋಕಕ್ಕೆ ನಿಜ, ಪ್ಯಾಸೇಜಿನಲ್ಲಿ ಇಲ್ಲ, ಅಂಥ ಒಂದು ಆಯ್ಕೆಯನ್ನು ನಾಲ್ಕರಲ್ಲಿ ಇಟ್ಟೇ ಇರುತ್ತಾರೆ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಕೆದಕಿದೆ. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ಓದಿದ ನೆನಪೇ ಅವನಿಗೆ ಇರಲಿಲ್ಲ. ಗೈಡಿನ ಉತ್ತರ ಬಾಯಿಪಾಠ ಮಾಡಿ ಪಾಸಾಗಿದ್ದ. ಡಿಗ್ರಿಯಲ್ಲೂ ಅದೇ. ಆಮೇಲೆ ಕೋಚಿಂಗಿನಲ್ಲಿ ರೂಲ್ಸ್ ಸಿಕ್ಕವು. ಒಂದು ರೂಲು, ಒಂದು ಪ್ರಶ್ನೆ, ಒಂದು ಉತ್ತರ. ಜೀವನದಲ್ಲಿ ಮೊದಲ ಸಲ ಇಂಗ್ಲಿಷ್ ಕೈಗೆ ಸಿಕ್ಕಿತು ಅನ್ನಿಸಿತಂತೆ. ರೀಡಿಂಗ್ ರೂಮಿನಲ್ಲಿ ಬೇರೆ ಹುಡುಗರು ಡೌಟ್ ಕೇಳಲು ಇವನ ಹತ್ತಿರವೇ ಬರುತ್ತಿದ್ದರು. ಅಂಥವನಿಗೆ ಪ್ಯಾಸೇಜಿನಲ್ಲಿ ಸೊನ್ನೆ ಬಂದರೆ ಯಾರಿಗೆ ಹೇಳಿಕೊಳ್ಳಬೇಕು? ನಿದ್ದೆ ಹೋದದ್ದು, ಟೆಸ್ಟಿನ ದಿನ ಹೊಟ್ಟೆ ತೊಳಸಿದ್ದು, ಎಲ್ಲಾ ಇಲ್ಲಿಂದ. ನನ್ನ ಲೆಕ್ಕದಲ್ಲಿ ಅವನ ತೊಂದರೆ ಇಂಗ್ಲಿಷಿನದ್ದು ಅರ್ಧ, ಮುಚ್ಚಿಟ್ಟದ್ದರ ಭಾರ ಇನ್ನರ್ಧ.

ಮೊದಲ ಸಲಹೆ ಅವನಿಗೆ ಹಿಡಿಸಲಿಲ್ಲ. ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದುವುದನ್ನು ನಿಲ್ಲಿಸು ಅಂದೆ. ಎಲ್ಲರೂ ಓದು ಅನ್ನುತ್ತಾರೆ, ನೀವು ಬೇಡ ಅಂತೀರಲ್ಲಾ ಅಂದ. ಅವನ ಕೈಯಲ್ಲಿದ್ದ ಸಂಪಾದಕೀಯದಲ್ಲೇ ನೂರು ಪದ ಎಣಿಸಿ, ಗೊತ್ತಿಲ್ಲದ ಪದಕ್ಕೆ ಸುತ್ತು ಹಾಕು ಅಂದೆ. ಹದಿನಾಲ್ಕು ಸುತ್ತು ಬಿದ್ದವು. ಹೂ ಮತ್ತು ನೇಶನ್ ಎಂಬ ಇಬ್ಬರು ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿಕ್ಷನರಿ ಇಲ್ಲದೆ ಒಂದು ಬರಹ ಸರಿಯಾಗಿ ಅರ್ಥವಾಗಬೇಕಾದರೆ ಅದರ ಶೇ 98ರಷ್ಟು ಪದ ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಗೊತ್ತಿಲ್ಲದ್ದು ಒಂದು. ನೂರಕ್ಕೆ ಹದಿನಾಲ್ಕು ಇದ್ದರೆ ಅಲ್ಲಿ ಡಿಕ್ಷನರಿ ನೋಡುವುದಷ್ಟೇ ನಡೆಯುತ್ತದೆ, ಓದು ನಡೆಯಲ್ಲ.

ಹಾಗಾಗಿ ಕೆಳಗಿಳಿಯಲು ಹೇಳಿದೆ. ಎನ್‌ಸಿಇಆರ್‌ಟಿಯ ಏಳು, ಎಂಟನೇ ತರಗತಿಯ ಇಂಗ್ಲಿಷ್ ಪುಸ್ತಕ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮುಖ ಸಣ್ಣದು ಮಾಡಿದ. 27 ವರ್ಷದವನು ಎಂಟನೇ ಕ್ಲಾಸಿನ ಪುಸ್ತಕ ರೀಡಿಂಗ್ ರೂಮಿನಲ್ಲಿ ತೆರೆದರೆ ಪಕ್ಕದವರು ಏನಂದಾರು? ಫೋನಿನಲ್ಲೇ ಓದು, ಯಾರಿಗೂ ಕಾಣಲ್ಲ ಅಂದೆ. ಜೊತೆಗೆ ಕ್ರಿಕೆಟ್ ಸುದ್ದಿ. ಆಟ ಮೊದಲೇ ನೋಡಿರುತ್ತಾನೆ, ಅರ್ಥ ಮಾಡಿಕೊಳ್ಳುವುದು ಸುಲಭ.

ಓದುವ ರೀತಿಯನ್ನೂ ಬದಲಿಸಿದೆವು. ಪೆನ್ಸಿಲ್ ಕೆಳಗಿಡಬೇಕು. ಒಂದು ಪ್ಯಾರಾ ಓದಬೇಕು, ಹಾಳೆ ಮುಚ್ಚಬೇಕು, ಏನು ಹೇಳಿತು ಅಂತ ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬೇಕು. ಅವ್ವನಿಗೆ ಹೇಳಿದ ಹಾಗೆ. ಹೇಳಲು ಬರದಿದ್ದರೆ ಇನ್ನೊಮ್ಮೆ ಓದಬೇಕು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಯೋಚಿಸು ಅಂತ ಕೆಲವರು ಉಪದೇಶ ಮಾಡುತ್ತಾರೆ. ಈ ಹಂತದಲ್ಲಿ ಅದು ಸುಮ್ನೆ ಹೊರೆ. ಅರ್ಥ ಆಯಿತೋ ಇಲ್ಲವೋ ಅನ್ನುವುದಕ್ಕೆ ಕನ್ನಡದಷ್ಟು ಒಳ್ಳೆ ಪರೀಕ್ಷೆ ಇಲ್ಲ. ಆಮೇಲೆ ಪ್ರಶ್ನೆಗೆ ಉತ್ತರ ಗುರುತು ಮಾಡುವ ಮುಂಚೆ, ಇದನ್ನು ಹೇಳಿದ ಸಾಲು ಯಾವುದು ಅಂತ ಬೆರಳಿಟ್ಟು ತೋರಿಸಬೇಕು. ಬೆರಳಿಡಲು ಜಾಗ ಸಿಗದಿದ್ದರೆ ಆ ಉತ್ತರ ತನ್ನ ತಲೆಯಿಂದ ಬಂದದ್ದು.

ಪದಗಳದ್ದು ಇನ್ನೊಂದು ಕಥೆ. ದಪ್ಪ ನೋಟ್‌ಬುಕ್ಕು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಅರ್ಥ. ದಿನಾ ಅದನ್ನೇ ಮೇಲಿಂದ ಕೆಳಗೆ ಓದುತ್ತಿದ್ದ. ಓದುವಾಗ ಎಲ್ಲಾ ಗೊತ್ತು ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಒಂದೂ ನೆನಪಾಗಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಜಾಸ್ತಿ ನೆನಪಿತ್ತು. ವಾರದ ನಂತರ ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಮುಂದಿದ್ದರು. ಅದಕ್ಕೆ ಬಲಗಡೆ ಮುಚ್ಚಿ ಹೇಳು, ತಪ್ಪಿದ್ದನ್ನು ಮಾತ್ರ ಮರುದಿನ, ಆಮೇಲೆ ಮೂರನೇ ದಿನ, ಆಮೇಲೆ ವಾರಕ್ಕೆ ನೋಡು ಅಂದೆ. ಪದವನ್ನು ಒಂಟಿಯಾಗಿ ಬರೆಯುವುದು ಬೇಡ, ಅದು ಸಿಕ್ಕ ವಾಕ್ಯವನ್ನೇ ಬರೆ. 'ಆಬ್‌ಡ್ಯುರೇಟ್' ಅಂಥ ಗಟ್ಟಿ ಪದ ಅವನಿಗೆ ಗೊತ್ತಿತ್ತು, 'ಕಾಲ್ ಆಫ್', 'ಟರ್ನ್ ಡೌನ್' ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಇಂಥವೂ ಬರುತ್ತವೆ, ದಿನದ ಇಂಗ್ಲಿಷಿನಲ್ಲಂತೂ ಇವೇ ಜಾಸ್ತಿ.

ಊಹೆ ಮಾಡಿ ಗುರುತು ಹಾಕುವ ಚಟ ಬಿಡಿಸಲು ಲೆಕ್ಕವೇ ಸಾಕಾಯಿತು. ಸಿಜಿಎಲ್ ಎರಡನೇ ಹಂತದಲ್ಲಿ ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದದ್ದು 3, ಹೋದದ್ದು 3. ಗಳಿಕೆ ಸೊನ್ನೆ, ಹೋದ ಸಮಯ ಬೇರೆ. ಎರಡು ಆಯ್ಕೆ ಖಂಡಿತ ಅಲ್ಲ ಅಂತ ತೆಗೆದುಹಾಕಲು ಬಂದರೆ ಮಾತ್ರ ಉಳಿದ ಎರಡರಲ್ಲಿ ಒಂದು ಹಾಕು, ಲಾಭ ಇದೆ. ಗಣಿತ ಬರುವ ಹುಡುಗ, ತಕ್ಷಣ ಒಪ್ಪಿದ.

ಮಾಕ್ ಟೆಸ್ಟ್ ದಿನಾ ಬೇಡ, ವಾರಕ್ಕೊಂದು ಸಾಕು, ಮರುದಿನ ಪೂರ್ತಿ ಅದರ ತಪ್ಪುಗಳಿಗೆ. ರಾತ್ರಿ ಹನ್ನೊಂದಕ್ಕೆ ಫೋನು ರೂಮ್‌ಮೇಟ್ ಕೈಗೆ. ಪ್ಯಾಸೇಜ್ ಕಂಡು ಎದೆ ಹೊಡೆದುಕೊಂಡರೆ ನಿಧಾನವಾಗಿ ಉಸಿರು ಬಿಡುವುದು, ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು.

ಕಷ್ಟದ ಕೆಲಸ ಅಂದರೆ ಅಣ್ಣನಿಗೆ ಮಾರ್ಕ್ಸ್ ಹೇಳುವುದು. ನಾನು ಹೇಳಲ್ಲ, ನೀನೇ ಹೇಳಬೇಕು, ಬೇಕಾದರೆ ಇಲ್ಲೇ ನನ್ನೆದುರು ಹೇಳು ಅಂದಿದ್ದೆ. ಹೇಳಿದ. ಕ್ಯಾರಿಬ್ಯಾಗಿನ ಹಾಳೆಗಳನ್ನು ಒಂದೊಂದಾಗಿ ಅಣ್ಣನ ಮುಂದಿಟ್ಟ. ಅಣ್ಣ ಕೆಂಪು ಗೆರೆ ನೋಡಿದ, ತಮ್ಮನ ಮುಖ ನೋಡಿದ. "ಇಷ್ಟ ಏನಲೇ? ನೀ ಎಲ್ಲಿ ಬೆಟ್ಟಿಂಗ್ ಚಟಾ ಹಚ್ಕೊಂಡಿ ಅಂತ ನಾ ಹೆದರಿದ್ದೆ" ಅಂದ. ಹುಡುಗ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಆ ದಿನವೇ ಗಡುವಿನ ಮಾತೂ ಆಯಿತು. ಗಡುವಿಲ್ಲದ ತಯಾರಿಯೂ ಒಂದು ರೋಗವೇ, ಅದನ್ನು ಇಲ್ಲಿ ದಿನಾ ನೋಡುತ್ತೇನೆ. ಇನ್ನೆರಡು ಸಿಜಿಎಲ್ ನೋಡುವುದು, ಅಷ್ಟರಲ್ಲಿ ಬೆಳಗ್ಗೆ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುವುದು ಅಂತ ಇಬ್ಬರೂ ಸೇರಿ ತೀರ್ಮಾನಿಸಿದರು. ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕರ ಹುದ್ದೆ) ಕರೆದರೆ ಅಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್, ಎರಡರಲ್ಲಿ ಒಂದು ಪತ್ರಿಕೆ ಆರಿಸಿಕೊಳ್ಳಬಹುದು. ಇವನು ಗ್ರಾಮರ್ ಬರುತ್ತದೆ ಅಂತ ಇಂಗ್ಲಿಷೇ ಆರಿಸುವ ಹಟದಲ್ಲಿದ್ದ. ಕನ್ನಡ ತಗೋ ಅಂದೆ. ಅದಕ್ಕೆ ಇನ್ನೂ ಒಪ್ಪಿಲ್ಲ.

ಈಗ ಉಣ್ಣುತ್ತಾನೆ, ಮಲಗುತ್ತಾನೆ, ಫೋನೂ ಎತ್ತುತ್ತಾನೆ. ಪ್ಯಾಸೇಜಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿ ಬರುತ್ತಿವೆ. ಲೇಖಕರ ಧೋರಣೆ ಏನು ಅಂತ ಕೇಳುವ ಪ್ರಶ್ನೆಯಲ್ಲಿ ಇನ್ನೂ ಎಡವುತ್ತಾನೆ. ಕ್ಲೋಜ್ ಟೆಸ್ಟ್ ಅಂತೂ ಬಗ್ಗಿಲ್ಲ, ಮೊದಲ ಖಾಲಿ ಜಾಗ ಕಂಡ ಕೂಡಲೇ ಕೈ ಅಲ್ಲಿಗೇ ಹೋಗುತ್ತದೆ. ಹೋದ ವಾರ ಅದಕ್ಕೂ ಒಂದು ಕಟ್ಟಳೆ ಹಾಕಿದ್ದೇನೆ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಖಾಲಿ ಜಾಗ ಹಾರಿಸಿ ಕೊನೆಯವರೆಗೆ ಒಂದು ಸಲ ಓದಬೇಕು. ಎರಡನೇ ಸಲ ಖಾಲಿ ಜಾಗದಲ್ಲಿ ತನಗೆ ತೋಚಿದ ಪದ ಹಾಕಬೇಕು, ಕನ್ನಡದ್ದಾದರೂ ಸರಿ. ಆಮೇಲೆ ಕೈ ತೆಗೆದು, ಅದಕ್ಕೆ ಹತ್ತಿರದ ಆಯ್ಕೆ ಹುಡುಕಬೇಕು. ಇಷ್ಟು ಮಾಡಿದ ಹಾಳೆಗಳನ್ನು ಮುಂದಿನ ಸಲ ತರುತ್ತಾನೆ.